ಅತ್ತೆಯವರ ಕೋಣೆಯ ತೇವ ಹೀರುವ ಯಂತ್ರ ಮಹಾಶಯರಿಗೆ

ಹಿಂದಿನ ಕೋಣೆಯ ಬಲಮೂಲೆಯಲ್ಲಿ, ಗೋಡೆಯಿಂದ ಒಂದು ಗೇಣು ದೂರ ಕಾಯ್ದುಕೊಂಡು, ನಾಲ್ಕು ಚಕ್ರಗಳ ಮೇಲೆ ವಿರಾಜಮಾನರಾಗಿರುವ ಡಿಹ್ಯುಮಿಡಿಫೈಯರ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಾವು ಹಗಲಿರುಳೂ ಗುಂಯ್ ಎನ್ನುತ್ತಿರುವುದು ಮೂರು ಗೋಡೆ ದಾಟಿ ನನ್ನ ಕಿವಿಗೆ ಬೀಳುತ್ತಿರುವುದರಿಂದ ತಮ್ಮ ಆರೋಗ್ಯ ವಿಚಾರಿಸುವ ಅಗತ್ಯ ಕಾಣದೆ, ಸವಿನಯ ವಂದನೆಗಳನ್ನಷ್ಟೇ ಸಲ್ಲಿಸಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ತಾವು ನೆಲೆಸಿರುವ ಕೋಣೆಯ ಒಡತಿಯಾದ ನಮ್ಮ ಅತ್ತೆಯವರ ಕಿರಿಯ ಅಳಿಯ ನಾನು. ಮುಂದಿನ ಕೋಣೆಯಲ್ಲಿ ಕೂತು ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವುದು ನನ್ನ ಉದ್ಯೋಗ, ತಮ್ಮ ಟ್ಯಾಂಕು ಉಜ್ಜುವುದು, ಜಾಲರಿ ತೊಳೆಯುವುದು ನನ್ನ ಸೇವೆ. ಕಳೆದ ಭಾನುವಾರ ನೆಂಟರೆದುರು ತಾವು ನಡೆದುಕೊಂಡ ರೀತಿ ಸರಿಯಿರಲಿಲ್ಲ. ಅದನ್ನು ತಮಗೊಬ್ಬರಿಗೇ ಹೇಳಿ ಸುಮ್ಮನಾಗುವಷ್ಟು ದೊಡ್ಡ ಮನಸ್ಸು ನನಗಿಲ್ಲದ್ದರಿಂದ ಊರಿಗೆಲ್ಲ ಕೇಳುವಂತೆ ಈ ಪತ್ರ ಬರೆಯುತ್ತಿದ್ದೇನೆ.

ತಾವು ಬರುವುದಕ್ಕೆ ಮುಂಚೆ ಆ ಕೋಣೆ ಹೇಗಿತ್ತೆಂಬುದು ತಮಗೆ ತಿಳಿಯದು. ಬೀದಿಗಿಂತ ಅರ್ಧ ಆಳು ಕೆಳಗಿರುವ ಆ ಕೋಣೆಯ ಗೋಡೆ, ಪರೀಕ್ಷೆಗೆ ಓದದೆ ಬಂದವನ ಹಣೆಯಂತೆ ಸದಾ ಬೆವರುತ್ತಿತ್ತು. ಬೀರುವಿನ ಬಾಗಿಲು ಉಬ್ಬಿಕೊಂಡು ಇಬ್ಬರು ಸೇರಿ ಎಳೆದರೆ ಮಾತ್ರ ತೆರೆಯುತ್ತಿತ್ತು. ಹೊರಗೆ ಹೋಗದ ಚಪ್ಪಲಿಗಳು ಬೂಷ್ಟಿನ ಹಸಿರು ತೊಟ್ಟು ನಿಂತಿರುತ್ತಿದ್ದವು. ಇದನ್ನೆಲ್ಲ ಸಹಿಸಿಕೊಂಡಿದ್ದೆವು, ಆದರೆ ಅತ್ತೆಯವರಿಗೆ ಕೆಮ್ಮು ಹಿಡಿಯಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಕೋಣೆ ಒಣಗಿಸಿ, ಆಗದಿದ್ರೆ ಕೋಣೆ ಬದಲಾಯಿಸಿ" ಎಂದು ಎರಡೇ ಮಾತಿನಲ್ಲಿ ಮುಗಿಸಿದರು. ಕೋಣೆ ಬದಲಾಯಿಸೋಣವೆಂದರೆ ನಮ್ಮಲ್ಲಿ ಉಳಿದಿರುವುದು ನನ್ನ ಅಂಟು, ರಟ್ಟುಗಳ ಕೋಣೆ ಮತ್ತು ಅಡುಗೆಮನೆ.

ಆಗ ಮುಂದೆ ಬಂದವರು ನನ್ನ ಹೆಂಡತಿಯ ಅಕ್ಕ ಮತ್ತು ಆಕೆಯ ಪತಿ, ಅಂದರೆ ನನ್ನ ಷಡ್ಡಕರು. ಅವರದು ನಾಲ್ಕನೇ ಮಹಡಿಯ ಮನೆ, ಬಿಸಿಲೋ ಬಿಸಿಲು, ಹಪ್ಪಳದಂತೆ ಒಣಗಿದ ಗೋಡೆಗಳು. ಷಡ್ಡಕರು ಜೇಬಿನಿಂದ ತೇವ ಅಳೆಯುವ ಮೀಟರೊಂದನ್ನು ತೆಗೆದು (ಅಂಥದ್ದನ್ನು ಜೇಬಿನಲ್ಲಿಟ್ಟುಕೊಂಡು ನೆಂಟರ ಮನೆಗೆ ಹೋಗುವವರೂ ಇದ್ದಾರೆ ಮಾನ್ಯರೇ) ನಮ್ಮ ಕೋಣೆಯ ನಡುವೆ ಹಿಡಿದು, ಮಳೆಗಾಲ ಮುಗಿದ ಮೇಲೆ ಮತ್ತೆ ಬರುವುದಾಗಿಯೂ, ಅಷ್ಟರಲ್ಲಿ ಮುಳ್ಳು ಅರವತ್ತಕ್ಕಿಂತ ಕೆಳಗಿಳಿಯದಿದ್ದರೆ ಅತ್ತೆಯವರನ್ನು ಆ ನಾಲ್ಕನೇ ಮಹಡಿಗೆ ಕರೆದುಕೊಂಡು ಹೋಗುವುದಾಗಿಯೂ ತೀರ್ಪು ಕೊಟ್ಟರು. ಅತ್ತೆಯವರೋ, "ಎಲ್ಲಿದ್ರೇನು ಬಿಡಿ, ಒಂದು ಮಂಚ, ಎರಡು ತುತ್ತು ಅನ್ನ. ಅಲ್ಲಿ ಲಿಫ್ಟ್ ಬೇರೆ ಇದೆ" ಎಂದು ತಣ್ಣಗೆ ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು.

ನನಗೆ ಮಾತ್ರ ಆ ತೀರ್ಪು ಹಿಡಿಸಲಿಲ್ಲ. ನಿಜ ಹೇಳಿಬಿಡುತ್ತೇನೆ. ದಿನಾ ಸಂಜೆ ರೇಡಿಯೋದಲ್ಲಿ ವಾರ್ತೆ ಮುಗಿದ ಕೂಡಲೇ ನಾನು ಒಂದು ಹೇಳುತ್ತೇನೆ, ಅತ್ತೆಯವರು ಅದಕ್ಕೆ ತದ್ವಿರುದ್ಧವಾದದ್ದನ್ನು ಹೇಳುತ್ತಾರೆ, ಊಟದ ಹೊತ್ತಿಗೆ ಇಬ್ಬರಿಗೂ ಚೆನ್ನಾಗಿ ಹಸಿವಾಗಿರುತ್ತದೆ. ಹೆಂಡತಿಯೊಡನೆ ವಾದ ಮಾಡುವ ಧೈರ್ಯ ನನಗಿಲ್ಲ, ಗಿರಾಕಿಗಳೊಡನೆ ವಾದ ಮಾಡಿದರೆ ಹೊಟ್ಟೆಪಾಡು ನಡೆಯುವುದಿಲ್ಲ. ಅತ್ತೆಯವರು ಹೋಗಿಬಿಟ್ಟರೆ ಆ ಸಂಜೆಗಳನ್ನು ಏನು ಮಾಡಲಿ ಎಂದು ಯೋಚಿಸಿ ಯೋಚಿಸಿ ಒಂದು ದಪ್ಪ ಪುಸ್ತಕಕ್ಕೆ ತಲೆಕೆಳಗಾಗಿ ರಟ್ಟು ಹಾಕಿದೆ.

ತಮ್ಮನ್ನು ಆರಿಸಿದ ಕಥೆಯನ್ನೂ ಹೇಳಲೇಬೇಕು. ಮೊದಲು ತಂದದ್ದು ತಮ್ಮನ್ನಲ್ಲ, ಕೋಳಿಮೊಟ್ಟೆಯಾಕಾರದ ಒಂದು ಪುಟಾಣಿಯನ್ನು. ಅದು ವಾರವಿಡೀ ತಪಸ್ಸು ಮಾಡಿ ಒಂದು ಚಮಚ ನೀರು ಕೊಟ್ಟಿತು. ಮತ್ತೆ ಅಂಗಡಿಗೆ ಹೋದಾಗ ಅಲ್ಲಿನ ಮಾರಾಟದವನು ಕೋಣೆಯ ಉದ್ದ ಅಗಲ ಎಷ್ಟು, ಚಳಿ ಎಷ್ಟಿರುತ್ತದೆ, ನೀರು ಹೊರಹೋಗಲು ದಾರಿಯಿದೆಯೇ, ಮಲಗುವವರ ನಿದ್ದೆ ಗಟ್ಟಿಯೇ ಎಂದೆಲ್ಲ ಹೆಣ್ಣು ನೋಡಲು ಬಂದವರಂತೆ ವಿಚಾರಿಸಿ, ಕೊನೆಗೆ ತಮ್ಮ ಬೆನ್ನು ತಟ್ಟಿ, "ಇದನ್ನ ಇಟ್ಟುಬಿಡಿ ಸಾರ್, ಗೋಡೆ ಬೆವರೋದನ್ನೇ ಮರೆತುಬಿಡುತ್ತೆ" ಎಂದ. ತಮ್ಮ ಜೊತೆ ಬಂದ ಪುಸ್ತಿಕೆಯನ್ನು ನಾನು ಭಕ್ತಿಯಿಂದ ಓದಿದೆ. ಅದರ ಹೊಲಿಗೆ ಸಡಿಲವಾಗಿತ್ತು, ಬಿಚ್ಚಿ ಮತ್ತೆ ಹೊಲಿದು ರಟ್ಟನ್ನೂ ಹಾಕಿದೆ. ಕಿಟಕಿ ಮುಚ್ಚಿರಬೇಕು, ಜಾಲರಿ ಆಗಾಗ ತೊಳೆಯಬೇಕು, ಟ್ಯಾಂಕಿನ ಒಳಗೆ ಲೋಳೆ ಕಟ್ಟದಂತೆ ಉಜ್ಜಬೇಕು, ಬೆನ್ನು ಗೋಡೆಗೆ ತಾಗಬಾರದು, ಎದುರಿಗೆ ಪರದೆ ಅಡ್ಡ ಬರಬಾರದು ಎಂಬ ತಮ್ಮ ಶಿಷ್ಟಾಚಾರಗಳನ್ನು ಚಾಚೂ ತಪ್ಪದೆ ಪಾಲಿಸಿದೆ. ಇಷ್ಟು ಉಪಚಾರವನ್ನು ನನ್ನ ಮದುವೆಯಲ್ಲಿ ಷಡ್ಡಕರಿಗೂ ಮಾಡಿರಲಿಲ್ಲ, ಆ ಬಗ್ಗೆ ಅವರು ಇಂದಿಗೂ ಹೇಳುತ್ತಾರೆ.

ತಾವೂ ದುಡಿದಿರಿ, ಇಲ್ಲವೆನ್ನುವುದಿಲ್ಲ. ಬೆಳಿಗ್ಗೆ ನೋಡಿದರೆ ಟ್ಯಾಂಕು ತುಂಬಿ ಕೆಂಪು ದೀಪ ಹತ್ತಿರುತ್ತಿತ್ತು, ಸಂಜೆ ನೋಡಿದರೆ ಮತ್ತೆ ಅರ್ಧ. ಇಷ್ಟು ನೀರು ನಮ್ಮ ಗಾಳಿಯಲ್ಲಿತ್ತೇ ಎಂದು ನಾನು ಮೂಗಿನ ಮೇಲೆ ಬೆರಳಿಟ್ಟೆ, ಎದುರು ಮನೆಯ ದರ್ಜಿಯನ್ನು ಕರೆತಂದು ತೋರಿಸಿದೆ, ಆತ ಬಗ್ಗಿ ನೋಡಿ, "ನೀವು ಇಷ್ಟು ದಿನ ಮೀನುಗಳ ಹಾಗೆ ಬದುಕಿದ್ರಾ ಅಣ್ಣ?" ಎಂದು ಕೇಳಿ ನನ್ನ ಸಂತೋಷವನ್ನು ಹೆಚ್ಚಿಸಿದ. ಆದರೆ ಮೀಟರು ಮಾತ್ರ (ಷಡ್ಡಕರದ್ದಕ್ಕಿಂತ ಒಳ್ಳೆಯದನ್ನೇ ತಂದಿದ್ದೆ) ಎಪ್ಪತ್ತರ ಮೇಲಿಂದ ಅಲುಗಲಿಲ್ಲ. ಅತ್ತೆಯವರ ಕೆಮ್ಮೂ ಅಲುಗಲಿಲ್ಲ. ತುಂಬಿದ ಟ್ಯಾಂಕನ್ನು ನಂಬುವುದೋ ಮೀಟರನ್ನು ನಂಬುವುದೋ ತಿಳಿಯದೆ, ತಾವೇ ರಾತ್ರಿ ಗುಟ್ಟಾಗಿ ನೀರು ಹೊತ್ತು ತರುತ್ತಿರಬಹುದೆಂದು ಒಂದು ಕ್ಷಣ ಶಂಕಿಸಿದ್ದುಂಟು. ಅದಕ್ಕೆ ಕ್ಷಮೆಯಿರಲಿ.

ಒಂದು ಬೆಳಿಗ್ಗೆ ಕತ್ತರಿ ಹುಡುಕುತ್ತ ಆ ಕೋಣೆಗೆ ಹೋದಾಗ ಕಣ್ಣಾರೆ ಕಂಡೆ. ಅತ್ತೆಯವರು ತಮ್ಮ ಟ್ಯಾಂಕನ್ನು ಎಳೆದು, ನೀರನ್ನು ಬಕೆಟ್ಟಿಗೆ ಸುರಿದು, ಅದರಲ್ಲಿ ಬಟ್ಟೆ ಅದ್ದಿ, ಅದೇ ಕೋಣೆಯ ನೆಲವನ್ನು ಮೂಲೆ ಮೂಲೆ ಬಿಡದೆ ಒರೆಸಿ, ಒರೆಸಿದ ಬಟ್ಟೆಯನ್ನು ಹಿಂಡಿ ತಮ್ಮ ಬಿಸಿಯುಸಿರಿಗೆ ಹಿಡಿದು ಹರವುತ್ತಿದ್ದರು. ನನ್ನನ್ನು ನೋಡಿ, "ಚಿನ್ನದಂಥಾ ನೀರು ಅಳಿಯಂದ್ರೇ, ಒಂದು ಕಸ ಇಲ್ಲ, ಚೆಲ್ಲೋಕೆ ಮನಸ್ಸಾದ್ರೂ ಹೇಗೆ ಬರತ್ತೆ?" ಎಂದರು. ತಾವು ಗಾಳಿಯಿಂದ ಹೀರಿದ್ದನ್ನು ಅವರು ನೆಲಕ್ಕೆ ಕೊಡುತ್ತಿದ್ದರು, ನೆಲ ಗಾಳಿಗೆ ಕೊಡುತ್ತಿತ್ತು, ತಾವು ಮತ್ತೆ ಹೀರುತ್ತಿದ್ದಿರಿ. ಅದೇ ಒಂದು ಬಕೆಟ್ ನೀರು ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿ ಬಿಟ್ಟಿ ಊಟದ ನೆಂಟನಂತೆ ಉಳಿದುಕೊಂಡಿತ್ತು. ಕೋಣೆಯ ಸುತ್ತ ಕಣ್ಣಾಡಿಸಿದರೆ, ತಮ್ಮ ಎಡಕ್ಕೆ ಹೆಂಡತಿ ಒಣಹಾಕಿದ ಕಾಲುಚೀಲಗಳು, ಬಲಕ್ಕೆ ನಾನೇ ಹಿಂದಿನ ದಿನ ಅಂಟು ಹಚ್ಚಿ ಒಣಗಲು ನಿಲ್ಲಿಸಿದ ಹದಿನೆಂಟು ಒದ್ದೆ ಪುಸ್ತಕಗಳು. ಇಡೀ ಸಂಸಾರವೇ ತಮಗೆ ತುತ್ತು ಮಾಡಿ ತಿನ್ನಿಸುತ್ತಿತ್ತು.

ಅತ್ತೆಯವರಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ನೆಲ ಒರೆಸುವುದರಿಂದಲೇ ಕೋಣೆ ಒಣಗುತ್ತಿಲ್ಲವೆಂದು ಗೊತ್ತಾದರೆ ಅವರು ಆ ಸಂಜೆಯೇ ಪೆಟ್ಟಿಗೆ ಕಟ್ಟಿ ಲಿಫ್ಟಿನ ಗುಣಗಾನ ಶುರುಮಾಡುವವರು. ಆದ್ದರಿಂದ ಕಂಪನಿಯವರ ಅಪ್ಪಣೆಯೆಂದು ಸುಳ್ಳು ಹೇಳಿ, ತಮ್ಮ ಬೆನ್ನಿಗೆ ಪೈಪು ಸಿಕ್ಕಿಸಿ, ಗೋಡೆಯಲ್ಲಿ ತೂತು ಕೊರೆದು, ಇಳಿಜಾರು ನೋಡಿಕೊಂಡು ನೀರನ್ನು ಸೀದಾ ಹಿಂದಿನ ತಗ್ಗು ಅಂಗಳದ ಮೋರಿಗೆ ಬಿಟ್ಟೆ. ಪುಸ್ತಕಗಳನ್ನೂ ಕಾಲುಚೀಲಗಳನ್ನೂ ಸದ್ದಿಲ್ಲದೆ ತಾರಸಿಗೆ ಸಾಗಿಸಿದೆ. ಚಿನ್ನದಂಥ ನೀರು ನಿಂತಮೇಲೆ ಅತ್ತೆಯವರು ನೆಲವನ್ನು ಮೊದಲಿನಂತೆ ವಾರಕ್ಕೊಮ್ಮೆ ಒರೆಸತೊಡಗಿದರು. ಮುಳ್ಳು ಇಳಿಯಿತು, ಬೀರು ಒಂದೇ ಕೈಗೆ ತೆರೆಯಿತು, ಕೆಮ್ಮು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಅತ್ತೆಯವರು ಮಾತ್ರ ದಿನಾ ತಮ್ಮ ಖಾಲಿ ಟ್ಯಾಂಕು ಎಳೆದು ನೋಡಿ, ನಿಟ್ಟುಸಿರುಬಿಟ್ಟು, "ಪಾಪ, ಇದಕ್ಕೆ ಕೈಲಾಗ್ತಾ ಇಲ್ಲ" ಎಂದು ಒಳಗೆ ತಳ್ಳುತ್ತಿದ್ದರು. ನಾನು ವಿಜಯದ ಅಮಲಿನಲ್ಲಿ ಅದಕ್ಕೆ ಗಮನ ಕೊಡಲಿಲ್ಲ.

ಈಗ ಭಾನುವಾರಕ್ಕೆ ಬರುತ್ತೇನೆ. ಹೆಂಡತಿಯ ಅಕ್ಕ ಮತ್ತು ಷಡ್ಡಕರು ಬಂದರು, ಎಲ್ಲರೂ ಹಿಂದಿನ ಕೋಣೆಯಲ್ಲಿ ಸೇರಿದೆವು, ಷಡ್ಡಕರು ಜೇಬಿಗೆ ಕೈ ಹಾಕಿದರು. ಸರಿಯಾಗಿ ಆ ಗಳಿಗೆಯಲ್ಲಿ ತಾವು ಗುಂಯ್ ಎನ್ನುವುದನ್ನು ಥಟ್ಟನೆ ನಿಲ್ಲಿಸಿ, ಕೆಂಪು ದೀಪ ಹೊತ್ತಿಸಿ, ಬೀದಿಗೆ ಕೇಳುವಂತೆ ಕೀಂಕೀಂ ಎಂದು ಕೂಗತೊಡಗಿದಿರಿ. ನನ್ನ ಮಾನ ಹರಾಜಾಯಿತೆಂದು ಮುಂದೆ ನುಗ್ಗಿ ಟ್ಯಾಂಕು ಎಳೆದರೆ, ಪೈಪು ಹಾಕಿದಂದಿನಿಂದ ಒಂದು ಹನಿ ಕಾಣದಿದ್ದ ಟ್ಯಾಂಕು ಅಂಚಿನವರೆಗೆ ತುಂಬಿ ತುಳುಕಿ ನನ್ನ ಪಾದಕ್ಕೆ ಅಭಿಷೇಕ ಮಾಡಿತು. ಎಲ್ಲರೂ ಅತ್ತೆಯವರ ಕಡೆ ನೋಡಿದರು. ಅವರ ಎರಡೂ ತೋಳು ಮೊಣಕೈವರೆಗೆ ಒದ್ದೆಯಾಗಿದ್ದವು. ಮಂಚದ ಕೆಳಗಿನಿಂದ ನಲ್ಲಿ ನೀರಿನ ಚೊಂಬೊಂದು ಇಣುಕುತ್ತಿತ್ತು.

"ಖಾಲಿ ಇದ್ರೆ ಇವರು ನಿನ್ನನ್ನ ಕೆಲಸಕ್ಕೆ ಬಾರದ್ದು ಅಂದ್ಕೋತಾರೆ, ಆಮೇಲೆ ನನ್ನನ್ನ ಕರ್ಕೊಂಡು ಹೋಗ್ತಾರೆ" ಎಂದು ಅತ್ತೆಯವರು ಯಾರ ಮುಖವನ್ನೂ ನೋಡದೆ ತಮ್ಮೊಡನೆ, ಹೌದು ಮಾನ್ಯರೇ, ಯಂತ್ರವಾದ ತಮ್ಮೊಡನೆ ಹೇಳಿದರು. ಲಿಫ್ಟಿನ ಗುಣಗಾನ ಮಾಡುತ್ತಿದ್ದವರು, ಎಲ್ಲಿದ್ದರೇನು ಎನ್ನುತ್ತಿದ್ದವರು, ಬೆಳಗಿನಿಂದ ಚೊಂಬು ಚೊಂಬಾಗಿ ನೀರು ಹೊತ್ತಿದ್ದರು. ಷಡ್ಡಕರು ಮೀಟರನ್ನು ತಟ್ಟಿ, ಅಲ್ಲಾಡಿಸಿ, ಬೆಳಕಿಗೆ ಹಿಡಿದು, ಮುಳ್ಳು ಐವತ್ತೈದರಲ್ಲೇ ಇರುವುದನ್ನು ಕಂಡು, ಟ್ಯಾಂಕು ಹೀಗೆ ತುಂಬುವ ಕೋಣೆಯಲ್ಲಿ ಅದು ಹೇಗೆ ಸಾಧ್ಯವೆಂದು ಲೆಕ್ಕ ಹಾಕುತ್ತಿದ್ದರು. ಅವರ ಹೆಂಡತಿ ಮಾತ್ರ ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಟವೆಲು ತಂದು ತಾಯಿಯ ತೋಳು ಒರೆಸುತ್ತ, "ಅದನ್ನ ಜೇಬಲ್ಲಿ ಇಟ್ಕೊಳ್ರೀ, ಅಮ್ಮ ಇಲ್ಲೇ ಇರ್ತಾಳೆ" ಎಂದರು.

ಫಲಿತಾಂಶ ಒಳ್ಳೆಯದಾಯಿತಲ್ಲ, ಇನ್ನು ದೂರೇಕೆ ಎಂದು ತಾವು ಕೇಳಬಹುದು. ದೂರು ಇದೇ: ಕಷ್ಟಪಟ್ಟು ಕೋಣೆ ಒಣಗಿಸಿದವನು ನಾನು, ತೂತು ಕೊರೆದವನು ನಾನು, ಆದರೆ ಅತ್ತೆಯವರನ್ನು ಇಲ್ಲಿ ಉಳಿಸಿದ ಕೀರ್ತಿ ತಮ್ಮ ಅರ್ಧ ನಿಮಿಷದ ಕಿರುಚಾಟಕ್ಕೆ ಹೋಯಿತು. ಆದ್ದರಿಂದ ಮುಂದಾದರೂ ತಾವು ಮನೆಯವರ ಗುಟ್ಟನ್ನು ಹೊರಹಾಕುವ ಮೊದಲು ಮನೆಯ ಯಜಮಾನನನ್ನು ಒಂದು ಮಾತು ಕೇಳಬೇಕೆಂದೂ, ಗಾಳಿಯಿಂದ ನೀರು ಹೀರುವಾಗ ಷಡ್ಡಕರ ಸಲಹೆಗಳನ್ನೂ ಜೊತೆಗೆ ಹೀರಿ ಮೋರಿಗೆ ಬಿಡಬೇಕೆಂದೂ, ವಾರ್ತೆಯ ಹೊತ್ತಿನಲ್ಲಿ ನನ್ನ ವಾದ ಗೆಲ್ಲುವ ಹಂತಕ್ಕೆ ಬಂದಾಗಲಾದರೂ ಸದ್ದು ತಗ್ಗಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಜಾಲರಿಯನ್ನು ನಾಳೆ ತೊಳೆಯುತ್ತೇನೆ.

ತಮ್ಮ ಬೆನ್ನಿನ ಧೂಳು ಒರೆಸುವ,
ತಮ್ಮ ವಿಶ್ವಾಸಿ,
ಕಿರಿಯ ಅಳಿಯ

ಮರೆತ ಮಾತು: ಈ ಪತ್ರವನ್ನು ಅತ್ತೆಯವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಕೊನೆಯಲ್ಲಿ ಯಂತ್ರವಾದ ತಮ್ಮ ಪರವಾಗಿ ಒಂದು ಸಾಲು ಸೇರಿಸಲೇಬೇಕೆಂದು ಹಟ ಹಿಡಿದರು, ಸೇರಿಸಿದ್ದೇನೆ: "ಅಳಿಯಂದಿರ ಗೊರಕೆಯೂ ಮೂರು ಗೋಡೆ ದಾಟಿ ಬರತ್ತೆ, ಯಂತ್ರದ ಸದ್ದು ಅದನ್ನ ಮುಚ್ಚಿಹಾಕ್ತಾ ಇರೋದ್ರಿಂದಲೇ ನಾನು ಈ ಮನೇಲಿ ಉಳ್ಕೊಂಡಿರೋದು." ಪೈಪಿನ ತುದಿಯಲ್ಲಿ, ಮೋರಿಯ ಬಾಯಿಗೆ ಅಡ್ಡಲಾಗಿ, ಇವತ್ತು ಬೆಳಿಗ್ಗೆಯಿಂದ ಅವರ ಬಕೆಟ್ಟು ಕೂತಿದೆ.