ರಿಟೈರ್ ಆದ್ಮೇಲೆ ನೋಡೋಣ

ನಮ್ಮ ಮನೆಯಲ್ಲಿ ಏನಾದರೊಂದು ಫಜೀತಿ ನಡೆಯದ ತಿಂಗಳೇ ಇಲ್ಲ. ತಪ್ಪು ಮನೆಯದಲ್ಲ, ನಮ್ಮ ಯಜಮಾನರದು. ತುಮಕೂರು ಕಡೆಯಿಂದ ಮದುವೆಯಾಗಿ ಬಂದು ವಿಶಾಖಪಟ್ಟಣದ ಗಾಜುವಾಕದಲ್ಲಿ ಸಂಸಾರ ಹೂಡಿದಾಗಿನಿಂದ ಅವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ್ದು ನನ್ನ ಹೆಸರನ್ನಲ್ಲ, ‘ರಿಟೈರ್ ಆದ್ಮೇಲೆ ನೋಡೋಣ’ ಅನ್ನುವುದನ್ನು. ಮುಪ್ಪಿನಲ್ಲಿ ಯಾರ ಮುಂದೆಯೂ ಕೈಚಾಚಬಾರದು ಎಂಬ ಅವರ ಹಟ ನನಗೂ ಇಷ್ಟವೇ. ಆದರೆ ಅವರು ದುಡ್ಡಿನ ಜೊತೆಗೆ ಸಂತೋಷವನ್ನೂ ಕೂಡಿಡುತ್ತಾರೆ. ಅದಕ್ಕೆ ಯಾವ ಬ್ಯಾಂಕೂ ಬಡ್ಡಿ ಕೊಡುವುದಿಲ್ಲ.

ಹಳದಿ ಚೀಟಿ

ಯಜಮಾನರು ಪರವಾಡದ ಒಂದು ಔಷಧಿ ಕಾರ್ಖಾನೆಯಲ್ಲಿ ಸರಕಿನ ಗುಣಮಟ್ಟ ನೋಡುವ ಕೆಲಸದಲ್ಲಿದ್ದಾರೆ. ಅಲ್ಲಿ ಹೊಸ ಸರಕು ಬಂದ ಕೂಡಲೇ ಅದಕ್ಕೊಂದು ಹಳದಿ ಚೀಟಿ ಅಂಟಿಸುತ್ತಾರೆ. ಪರೀಕ್ಷೆ ಮುಗಿದು ಹಸಿರು ಚೀಟಿ ಬೀಳುವ ತನಕ ಯಾರೂ ಮುಟ್ಟುವಂತಿಲ್ಲ. ಈ ಪದ್ಧತಿ ಕಂಪನಿ ಬಸ್ಸು ಹತ್ತಿಕೊಂಡು ನಮ್ಮ ಮನೆಗೂ ಬಂತು. ಮದುವೆಗೆ ಬಂದ ಸೂಟ್‌ಕೇಸು, ನಮ್ಮಣ್ಣ ಕೊಟ್ಟ ಪಿಂಗಾಣಿ ತಟ್ಟೆಗಳು, ಯುಗಾದಿಗೆ ಕೊಂಡ ಸ್ಪ್ರಿಂಗ್ ಹಾಸಿಗೆ, ಎಲ್ಲಕ್ಕೂ ಹಳದಿ ಚೀಟಿ.

ಹಾಸಿಗೆಯ ಮೇಲೆ ಮಲಗುವುದಕ್ಕೇನೋ ಅಪ್ಪಣೆಯಾಯಿತು, ಆದರೆ ಪ್ಲಾಸ್ಟಿಕ್ ಹೊದಿಕೆ ತೆಗೆಯುವಂತಿರಲಿಲ್ಲ.

“ರಿಟೈರ್ ಆದ್ಮೇಲೆ ತೆಗೆಯೋಣ. ಆಗ ಹೊಸದಾಗೇ ಇರುತ್ತೆ.”

“ಹಾಸಿಗೆ ಹೊಸದಾಗಿರುತ್ತೆ ಕಣ್ರೀ, ನಾವಿರ್ತೀವಾ?”

ಒಬ್ಬರು ಮಗ್ಗುಲು ಬದಲಿಸಿದರೆ ಸಾಕು, ಪರಪರ ಚಟಪಟ ಎಂದು ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟುತ್ತಿತ್ತು. ಕೊನೆಗೊಂದು ದಿನ ಪಕ್ಕದ ಮನೆಯ ತೆಲುಗು ಹೆಂಗಸು ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, ತುಂಬ ಮರ್ಯಾದೆಯಿಂದಲೇ ಕೇಳಿದಳು: “ಏಮಂಡಿ, ದಿನಾ ರಾತ್ರಿ ಹಪ್ಪಳ ಕರೀತೀರಲ್ಲ, ಒಂದು ದಿನವಾದ್ರೂ ನಮಗೆ ಕೊಡಬಾರದಾ?”

ರಿಯಾಯಿತಿ

ನನಗೆ ಒಡವೆಯ ಆಸೆಯಿಲ್ಲ. ಇದ್ದದ್ದು ಒಂದೇ ಆಸೆ. ಇಲ್ಲಿಂದ ಬೆಳಿಗ್ಗೆ ಹೊರಡುವ ರೈಲಿನಲ್ಲಿ ಕೂತು, ಸುರಂಗಗಳನ್ನೆಲ್ಲ ದಾಟಿ, ಗುಡ್ಡದ ಮೇಲಿನ ಅರಕು ನೋಡಿ ಬರಬೇಕು. ಊರಿನಿಂದ ಬಂದ ನೆಂಟರೆಲ್ಲ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು ಅರಕಿಗೆ ಹೋಗಿಬಂದರು. ಇಲ್ಲೇ ಇರುವ ನಾನು ಉಪ್ಪಿಟ್ಟು ಮಾಡುತ್ತಲೇ ಉಳಿದೆ.

ಯಜಮಾನರ ವಾದ ಸರಳ. ಅರವತ್ತು ದಾಟಿದವರಿಗೆ ರೈಲು ಟಿಕೆಟ್ ಅಗ್ಗ, ಹಾಗಾಗಿ ಅಲ್ಲಿಯ ತನಕ ಕಾಯುವುದೇ ಬುದ್ಧಿವಂತಿಕೆ. ಸರಿ, ಕಾದೆ. ಇವರಿಗೆ ಅರವತ್ತು ಹತ್ತಿರವಾಗುವಷ್ಟರಲ್ಲಿ ರೈಲಿನವರು ಆ ರಿಯಾಯಿತಿಯನ್ನೇ ಎತ್ತಿಬಿಟ್ಟರು. ನಾನು ಪೇಪರು ಹಿಡಿದುಕೊಂಡು ಹೋಗಿ ಅವರ ಮುಂದೆ ನಿಂತೆ. ಈಗಲಾದರೂ ದಾರಿಗೆ ಬರುತ್ತಾರೆ ಅಂದುಕೊಂಡಿದ್ದೆ.

ಅವರು ಪೂರ್ತಿ ಓದಿ, ಕನ್ನಡಕ ತೆಗೆದು, ಸಮಾಧಾನವಾಗಿ ಹೇಳಿದರು: “ಪರವಾಗಿಲ್ಲ. ಮತ್ತೆ ಶುರು ಮಾಡೋ ತನಕ ಕಾಯೋಣ.”

ಬೆಂಜ್ ಸರ್ಕಲ್‌ನ ಕುರ್ಚಿ

ಅಪ್ಪ ಹೀಗಾದರೆ ಮಗಳು ತದ್ವಿರುದ್ಧ. ವಿಜಯವಾಡದಲ್ಲಿ ಒಂದು ಆಸ್ಪತ್ರೆಯ ಆಫೀಸಿನಲ್ಲಿ ಕೆಲಸ, ಬೆಂಜ್ ಸರ್ಕಲ್ ಹತ್ತಿರ ಬಾಡಿಗೆ ಮನೆ. ಸಂಬಳ ಬಂದ ವಾರಕ್ಕೇ ಖಾಲಿ. ಗಾಜುವಾಕದಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡದಲ್ಲಿ ಅರ್ಧ ತೆಲುಗು. ಅಪ್ಪನನ್ನು ಕರೆಯುವುದು ‘ನಾನ್ನಾ’ ಎಂದೇ.

ಮೊದಲ ಸಲ ಅವಳ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಹಿಡಿ ಅಕ್ಕಿ ಇರಲಿಲ್ಲ. ನಡುಮನೆಯಲ್ಲಿ ಮಾತ್ರ ಮೈ ಕೈ ಒತ್ತುವ ದೊಡ್ಡ ಮಸಾಜ್ ಕುರ್ಚಿ, ಅದೂ ಕಂತಿನ ಮೇಲೆ ತಂದದ್ದು. ಯಜಮಾನರು ಬ್ಯಾಗು ಕೆಳಗಿಡದೆಯೇ ಶುರು ಮಾಡಿದರು.

“ಹೀಗಾದ್ರೆ ವಯಸ್ಸಾದ್ಮೇಲೆ ಏನಮ್ಮ ಗತಿ?”

“ನಾನ್ನಾ, ಲೈಫು ಒಂದೇ ಕದಾ? ಮೊದ್ಲು ಕೂತ್ಕೊಳ್ಳಿ, ಆಮೇಲೆ ಬೈಯಿರಿ,” ಎಂದು ಅವಳು ಅವರನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಬಟನ್ ಒತ್ತಿದಳು.

ಉಪದೇಶ ನಿಲ್ಲಲಿಲ್ಲ, ಆದರೆ ನಡುಗತೊಡಗಿತು. “ಉ-ಉ-ಉಳಿ-ತಾ-ತಾ-ಯ ಅ-ಅಂದ್ರೆ...” ಸ್ವಲ್ಪ ಹೊತ್ತಿಗೆ ಸದ್ದೇ ಇಲ್ಲ. ಕೋಪ ಬಂತೇನೋ ಎಂದು ನಾನು ಬಗ್ಗಿ ನೋಡಿದರೆ ಕಣ್ಣು ಮುಚ್ಚಿಕೊಂಡಿದ್ದಾರೆ, ಮುಖದಲ್ಲಿ ನಮ್ಮ ಮದುವೆಯ ದಿನವೂ ಕಾಣದಿದ್ದ ಕಳೆ! ಅಷ್ಟರಲ್ಲಿ ಕುರ್ಚಿ ತಾನಾಗಿ ನಿಂತಿತು. ಅವರು ಕಣ್ಣು ಬಿಟ್ಟು ಮಗಳತ್ತ ಗದರಿದರು: “ಬಟನ್ ಇನ್ನೊಂದ್ಸಲ ಒತ್ತು. ನನ್ನ ಮಾತು ಇನ್ನೂ ಮುಗಿದಿಲ್ಲ!”

ಎಕ್ಸ್‌ಟೆನ್ಷನ್

ಅಂತೂ ರಿಟೈರ್‌ಮೆಂಟು ಹತ್ತಿರ ಬಂತು. ಅರಕಿಗೆಂದು ನಾನು ಸ್ವೆಟರು ಬಿಸಿಲಿಗೆ ಹಾಕಿದ್ದೆ. ಆಗಲೇ ಒಂದು ಸಂಜೆ ಯಜಮಾನರು ನಗುನಗುತ್ತಾ ಬಂದರು.

“ಸಂತೋಷದ ಸುದ್ದಿ! ಕಂಪನಿಯವರು ಇನ್ನೆರಡು ವರ್ಷ ಇರಿ ಅಂದಿದ್ದಾರೆ.”

ನನಗೆ ಅಳುವೇ ಬಂತು. “ರೀ, ನಿಮ್ಮ ಕೆಲಸಕ್ಕೆ ಎಕ್ಸ್‌ಟೆನ್ಷನ್ ಸಿಕ್ತು. ನನ್ನ ಮಂಡಿಗೆ ಯಾರು ಕೊಡ್ತಾರೆ? ಈಗಲೇ ಮೆಟ್ಟಿಲು ಹತ್ತೋಕಾಗಲ್ಲ. ಇನ್ನೆರಡು ವರ್ಷ ಬಿಟ್ಟು ಆ ಗುಡ್ಡ ಹತ್ತಿಸ್ತೀರಾ?”

ಅವರು ನನ್ನ ಮಂಡಿಯನ್ನು ಆವತ್ತೇ ಮೊದಲ ಸಲ ನೋಡುತ್ತಿರುವ ಹಾಗೆ ನೋಡಿದರು.

ವಿಷಯ ಮಗಳ ಕಿವಿಗೆ ಬಿತ್ತು. ಫೋನಿನಲ್ಲೇ ಪಂಚಾಯ್ತಿ ಮಾಡಿದಳು. “ನಾನ್ನಾ, ನೀವು ನನಗೆ ಉಳಿಸು ಅಂತೀರಾ. ನಾನು ನಿಮಗೆ ಖರ್ಚು ಮಾಡಿ ಅಂತೀನಿ. ಇಬ್ರೂ ಕೇಳಲ್ಲ. ಒಂದು ಒಪ್ಪಂದ ಮಾಡ್ಕೊಳ್ಳೋಣ. ತಿಂಗಳಿಗೆ ನಾನೆಷ್ಟು ಬ್ಯಾಂಕಿಗೆ ಹಾಕ್ತೀನೋ ಅಷ್ಟನ್ನ ನೀವು ಅಮ್ಮನ ಜೊತೆ ಖರ್ಚು ಮಾಡಬೇಕು.”

ಯಜಮಾನರು ತಟ್ಟನೆ ಒಪ್ಪಿದರು. ನನಗೆ ಆಶ್ಚರ್ಯ. ಫೋನಿಟ್ಟ ಮೇಲೆ ಕಣ್ಣು ಮಿಟುಕಿಸಿ ಪಿಸುಗುಟ್ಟಿದರು: “ಅವಳು ಉಳಿಸೋದೂ ಇಲ್ಲ, ನಾನು ಬಿಚ್ಚೋದೂ ಇಲ್ಲ.”

ಹಸಿರು ಚೀಟಿ

ಅವರ ಲೆಕ್ಕ ತಪ್ಪಿತು. ಮೊದಲ ತಿಂಗಳು ಮಗಳು ಚೂರುಪಾರು ಹಾಕಿದಳು. ನಾವಿಬ್ಬರೂ ಬೀಚಿನಲ್ಲಿ ಪುನುಗುಲು ತಿಂದು ಅದನ್ನು ತೀರಿಸಿದೆವು. ಬಿಸಿ ಬೋಂಡಾದ ಚಿಕ್ಕ ತಮ್ಮಂದಿರಂತಿರುವ ಅವನ್ನು ಯಜಮಾನರು ಎರಡು ಸಲ ಹಾಕಿಸಿಕೊಂಡರು. ಮುಂದಿನ ತಿಂಗಳು ಮಗಳಿಗೆ ಬೋನಸ್ ಬಂತು. ಹುಡುಗಿ ಅಷ್ಟನ್ನೂ ಬ್ಯಾಂಕಿಗೆ ಹಾಕಿ ಅಪ್ಪನಿಗೆ ಮೆಸೇಜು ಕಳಿಸಿದಳು. ಓದಿದ ಯಜಮಾನರು ಪ್ಲಾಸ್ಟಿಕ್ ಹಾಸಿಗೆಯ ಮೇಲೆ ಚಟಪಟನೆ ಕುಸಿದು ಕೂತು, ಗಾಬರಿಯಿಂದ ಫೋನು ಹಚ್ಚಿದರು.

“ಮಗಾ, ಇಷ್ಟೊಂದು ಆತುರ ಯಾಕಮ್ಮ? ಚಿಕ್ಕ ವಯಸ್ಸು ನಿಂದು. ಹೀಗೆ ಕೂಡಿಡ್ತಾ ಕೂತ್ರೆ ಮಜಾ ಮಾಡೋದು ಯಾವಾಗ?”

ಆದರೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ಮಾರನೆಯ ದಿನ ಅಟ್ಟದಿಂದ ಸೂಟ್‌ಕೇಸು ಇಳಿಸಿದರು. ಹಳದಿ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು. ಕಂಪನಿಯಿಂದ ತಂದ ಒಂದು ಹಸಿರು ಚೀಟಿಯನ್ನು ಅದೇ ಜಾಗದಲ್ಲಿ ಅಂಟಿಸಿ, ನನ್ನನ್ನು ನೋಡಿ ನಾಚಿಕೊಂಡರು.

ಅರಕು ರೈಲಿನಲ್ಲಿ ಕಿಟಕಿ ಪಕ್ಕದ ಸೀಟನ್ನು ನನಗೆ ಕೊಟ್ಟರು. ಎರಡನೇ ಸುರಂಗ ಬರುವಷ್ಟರಲ್ಲಿ “ಸ್ವಲ್ಪ ಜರುಗು” ಎಂದು ತಾವೇ ಕೂತುಬಿಟ್ಟರು! ಕತ್ತಲಾದಾಗಲೆಲ್ಲ ಹುಡುಗರ ಜೊತೆ ಸೇರಿ ಹೋ ಎಂದು ಕೂಗಿದರು. ಅರಕಿನಲ್ಲಿ ಬಿದಿರಿನೊಳಗೆ ಬೇಯಿಸಿದ ಕೋಳಿಯನ್ನು ಬೆಲೆ ಕೇಳದೆ ತಿಂದರು. ನನ್ನ ಮಂಡಿ ನೋಯುವ ಕಡೆಯಲ್ಲೆಲ್ಲ ಕೈ ಹಿಡಿದು ನಿಂತರು. ಇಷ್ಟು ಒಳ್ಳೆಯ ಗಂಡನನ್ನು ಇವರೇ ಇಷ್ಟು ವರ್ಷ ಹಳದಿ ಚೀಟಿ ಹಚ್ಚಿ ಒಳಗಿಟ್ಟಿದ್ದರಲ್ಲ ಎಂದು ನನಗೆ ಖುಷಿಗೇ ಕಣ್ಣು ತುಂಬಿತು.

ವಾಪಸು ಬಂದು ಪ್ಲಾಟ್‌ಫಾರಂ ಮೇಲೆ ಕಾಲಿಟ್ಟವರೇ ಮಗಳಿಗೆ ಫೋನು ಮಾಡಿದರು. ಒಪ್ಪಂದ ಮುರಿಯುತ್ತಾರೆ ಅಂದುಕೊಂಡು ನಾನು ಕಿವಿಗೊಟ್ಟೆ.

“ಮಗಾ, ಮುಂದಿನ ತಿಂಗಳು ಎಷ್ಟು ಹಾಕ್ತೀಯಾ? ಅಷ್ಟೇನಾ? ಸ್ವಲ್ಪ ಕೈ ಬಿಗಿ ಹಿಡಿದು ಜಾಸ್ತಿ ಉಳಿಸಮ್ಮ. ನಿಮ್ಮಮ್ಮಂಗೆ ಹಡಗಿನಲ್ಲಿ ಅಂಡಮಾನಿಗೆ ಹೋಗ್ಬೇಕಂತೆ!”

ಅಂಡಮಾನಿನ ಮಾತು ನಾನು ಎತ್ತಿಯೇ ಇರಲಿಲ್ಲ.