ಏನೂ ಸಿಕ್ಕಿಸದೆಯೇ ಎರಡು ಕೋಟಿ ತೋರಿಸಿದ ಮಾಪಕ ಮಹಾಶಯರಿಗೆ

ಮಾನ್ಯರೇ,

ಗುಜರಿ ಅಂಗಡಿಯ ಕತ್ತಲ ಮೂಲೆಯಿಂದ ಎದ್ದು ಬಂದು, ನಾಟಕ ಕಂಪನಿಯ ಮೈಕ್ ರಿಪೇರಿಯವನಾದ ನನ್ನ ಮೇಜಿನ ಮೇಲೆ ಸಿಂಹಾಸನಾರೂಢರಾಗಿರುವ, ಕರಿ ಪೆಟ್ಟಿಗೆಯೇ ಕವಚವಾಗಿ, ನಡುಗುವ ಮುಳ್ಳೇ ಖಡ್ಗವಾಗಿ ಮೆರೆಯುವ, ಭಾರೀ ರೆಸಿಸ್ಟೆನ್ಸುಗಳನ್ನೇ ಅಳೆಯಲೆಂದು ಅವತರಿಸಿದ ತಮ್ಮ ಪಾದಗಳಿಗೆ, ಅಂದರೆ ಉಳಿದಿರುವ ಮೂರು ರಬ್ಬರ್ ಬುಡಗಳಿಗೆ, ಸಾಷ್ಟಾಂಗ ವಂದನೆಗಳು.

ನಮ್ಮ ಕಂಪನಿಯ ಹಿರಿಯ ನಟಿಯಾದ ನನ್ನ ಚಿಕ್ಕಮ್ಮ ರಾಣಿಯ ವೇಷದಲ್ಲಿ ತನ್ನ ಮೈಕಿನ ಮುಂದೆ ಬಾಯಿ ತೆರೆದಾಗಲೆಲ್ಲ ಸ್ಪೀಕರಿನಲ್ಲಿ ಗರಗರ ಸದ್ದು ಬರುತ್ತಿದ್ದುದೂ, "ಗಂಟಲು ಹೋಯ್ತಮ್ಮ ನಿಂದು, ಇನ್ಮೇಲೆ ದಾಸಿ ಪಾರ್ಟು ಮಾಡು, ಅದಕ್ಕೆ ಮಾತಿಲ್ಲ" ಎಂದು ಕಂಪನಿಯ ಯಜಮಾನರು ಎಲ್ಲರೆದುರು ಅಪ್ಪಣೆ ಹೊರಡಿಸಿದ್ದೂ ತಮಗೆ ತಿಳಿದೇ ಇದೆ. ತಪ್ಪು ಗಂಟಲಿನದಲ್ಲ, ಮೈಕಿನದು ಎಂದು ನಾನು ಎದೆ ತಟ್ಟಿ ಹೇಳಿದೆ. ಆ ಮೈಕಿನ ಹೊಟ್ಟೆಯಲ್ಲಿರುವ ಪುಟ್ಟ ರೆಸಿಸ್ಟರು ಕರೆಂಟನ್ನು ನೂರು ಕೋಟಿ ಓಮ್‌ನಷ್ಟು ತಡೆದು ನಿಲ್ಲಬೇಕು. ಅದು ಸೋರತೊಡಗಿದರೆ ಗರಗರ ಶುರು. ತೀರ್ಪಿಗೆಂದು ತಮ್ಮನ್ನು ಕರೆತಂದೆ.

ತಾವೋ! ಮೈಕಿನಿಂದ ಬಿಚ್ಚಿದ ಹಳೆಯ ರೆಸಿಸ್ಟರಿಗೆ ಹತ್ತಿರ ಹತ್ತಿರ ಎರಡು ಕೋಟಿ ಎಂದಿರಿ, ಆಗಷ್ಟೇ ಕವರು ಹರಿದು ತೆಗೆದ ಹೊಸದಕ್ಕೂ ಅಷ್ಟೇ ಎಂದಿರಿ. ಆಹಾ, ಎಂಥ ಸಮದೃಷ್ಟಿ! "ಹಳೇದೂ ಅಷ್ಟೇ, ಹೊಸದೂ ಅಷ್ಟೇ. ಇನ್ನೇನಯ್ಯ, ಗಂಟಲೇ!" ಎಂದು ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು. ನಾನು ನಟರ ನಡುವೆಯೇ ಬೆಳೆದ ಅಭ್ಯಾಸಬಲದಿಂದ ತಮ್ಮ ಮುಖದ ಮೇಲೆ ಬಾಗಿ ಛಾವಣಿ ಅದುರುವಂತೆ ಗರ್ಜಿಸಿದರೆ, ನನ್ನ ಉಸಿರಿನ ತೇವಕ್ಕೆ ತಾವು ಆ ಎರಡು ಕೋಟಿಯಿಂದಲೂ ಕೆಳಗಿಳಿದಿರಿ. ಸಿಟ್ಟಿಗೆ ಹೊಸ ರೆಸಿಸ್ಟರನ್ನೇ ಕಿತ್ತು ಪಕ್ಕಕ್ಕೆಸೆದೆ. ಮುಳ್ಳು ಮತ್ತೆ ಎರಡು ಕೋಟಿಗೇ ಬಂದು ಕೂತಿತು!

"ಅಲ್ವೋ, ಏನೂ ಸಿಕ್ಕಿಸದೇನೇ ಲೆಕ್ಕ ಹೇಳುತ್ತಲ್ಲೋ ಇದು, ನಾಚಿಕೆ ಬೇಡ್ವಾ ಇದಕ್ಕೆ?" ಎಂದಳು ಚಿಕ್ಕಮ್ಮ.

ಅಲ್ಲಿಯವರೆಗೆ ತಾವು ಅಳೆದು ತೋರಿಸುತ್ತಿದ್ದುದು ರೆಸಿಸ್ಟರು ಸಿಕ್ಕಿಸುವ ತಮ್ಮದೇ ಟರ್ಮಿನಲ್ಲುಗಳ ನಡುವೆ ಕರೆಂಟು ಸೋರಗೊಡುತ್ತಿದ್ದ ಕೊಳೆಯನ್ನು: ಹಳೆಯ ಮಾಲೀಕರ ಬೆರಳಿನ ಜಿಡ್ಡು, ಬೀಡಿಯ ಹೊಗೆ. ಸ್ಪಿರಿಟ್ಟಿನಲ್ಲಿ ಅಭ್ಯಂಜನ ಮಾಡಿಸಿ, ದೀಪದ ಕಾವಿನಲ್ಲಿ ಒಣಗಿಸಿ, ಎಲ್ಲರೂ ದೂರ ಸರಿದು, ನಾನು ಜೀವಮಾನದಲ್ಲೇ ಮೊದಲ ಬಾರಿಗೆ ಬಾಯಿ ಮುಚ್ಚಿ ನಿಂತ ಮೇಲಷ್ಟೇ ತಮ್ಮಿಂದ ಸತ್ಯ ಹೊರಬಿತ್ತು: ಹೊಸದಕ್ಕೆ ನೂರು ಕೋಟಿ, ಹಳೆಯದು ಹತ್ತು ಕೋಟಿಯನ್ನೂ ಮುಟ್ಟದೆ ತೂರಾಡುತ್ತಿತ್ತು. ಯಜಮಾನರು ಇನ್ನೂ ಮುಳ್ಳನ್ನೇ ದಿಟ್ಟಿಸುತ್ತಿದ್ದಾಗ, ಚಿಕ್ಕಮ್ಮ ಅವರ ಪಕ್ಕದ ಕುರ್ಚಿಯ ಮೇಲಿದ್ದ ಕಿರೀಟವನ್ನು ತಲೆಗಿಟ್ಟುಕೊಂಡು ತಾಲೀಮಿಗೆ ಹೊರಟೇಹೋದಳು.

ಆದ್ದರಿಂದ ನನ್ನ ವಿನಮ್ರ ಕೋರಿಕೆ: ಇನ್ನು ಮುಂದೆ ಯಾರದೇ ಗಂಟಲಿನ ಮೇಲೆ ತೀರ್ಪು ಕೊಡುವ ಮುನ್ನ ತಾವೇ ಎದ್ದು ಸ್ನಾನ ಮಾಡಿಕೊಂಡು ಬರತಕ್ಕದ್ದು, ಅದಾಗದಿದ್ದರೆ "ನಾನು ಕೊಳಕಾಗಿದ್ದೇನೆ" ಎಂದು ಒಮ್ಮೆ ಕೆಮ್ಮಿ ತಿಳಿಸತಕ್ಕದ್ದು, ನಾನು ಗರ್ಜಿಸಲು ಬಾಯಿ ತೆರೆದೊಡನೆ ಕರ್ಚೀಫೊಂದನ್ನು ಚಾಚತಕ್ಕದ್ದು.

ಸದ್ಯಕ್ಕೆ ಪಿಸುಮಾತಿನಲ್ಲೇ ಬದುಕುತ್ತಿರುವ,
ತಮ್ಮ ವಿಶ್ವಾಸಿ,
ಮೈಕ್ ರಿಪೇರಿಯವನು

ತಾ.ಕ.: ಹೊಸ ರೆಸಿಸ್ಟರು ಹಾಕಿದ ಮೇಲೆ ರಾಣಿಯ ಮಾತು ಕೊನೆಯ ಸಾಲಿನವರೆಗೂ ಗಂಟೆ ಬಾರಿಸಿದಂತೆ ಕೇಳುತ್ತಿದೆ. ಅದೇ ಮೈಕಿನಲ್ಲಿ ಯಜಮಾನರು ಮಾಡುವ ಸ್ವಾಗತ ಭಾಷಣದಲ್ಲಿ ಮಾತ್ರ ಗರಗರ ಹಾಗೇ ಉಳಿದಿದೆ. ಗುಜರಿ ಅಂಗಡಿಯವರನ್ನು ವಿಚಾರಿಸಿದೆ. ಆ ಮಾಡೆಲ್ಲಿನ ಗಂಟಲಿಗೆ ಬಿಡಿಭಾಗ ಬರುವುದು ನಿಂತು ಬಹಳ ಕಾಲವಾಯಿತಂತೆ.