ನಮಗೇನು ಕಮ್ಮಿ?

ಮೈಕು ಹಿಡಿಯಲು ನನಗೆ ಭಯವಿಲ್ಲ. ಭಯವೇನಿದ್ದರೂ ಎದುರು ಕುಳಿತವರಿಗೆ! ನಮ್ಮೂರಿನ ಹಾಲಿನ ಡೇರಿಯ ಕಾರ್ಯದರ್ಶಿಯಾದ ನಾನು, ಅಂದರೆ ಈ ಶಿವಣ್ಣ, ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಬೋರ್‌ವೆಲ್ ಪೂಜೆಯವರೆಗೆ ಸ್ವಾಗತ ಭಾಷಣ, ವಂದನಾರ್ಪಣೆ ಎರಡನ್ನೂ ಮಾಡಿ ಪಳಗಿದವನು. ಒಮ್ಮೆ ನನ್ನ ವಂದನಾರ್ಪಣೆ ಮುಗಿಯುವ ಹೊತ್ತಿಗೆ ಮುಖ್ಯ ಅತಿಥಿಗಳು ತಮ್ಮ ಊರು ಸೇರಿ, ಊಟ ಮಾಡಿ, ಮಲಗಿಯೂ ಆಗಿತ್ತಂತೆ. ಹೊಟ್ಟೆಕಿಚ್ಚಿನವರು ಹಾಗೆ ಹೇಳುತ್ತಾರೆ. ನಾನು ನಂಬುವುದಿಲ್ಲ.

ಹೀಗಿರುವಾಗ ಲೋಕಸಭೆ ಚುನಾವಣೆ ಬಂತು. ಮದ್ದೂರಿನ ಕಲ್ಯಾಣ ಮಂಟಪವೊಂದರಲ್ಲಿ ಅಭ್ಯರ್ಥಿಗಳನ್ನೆಲ್ಲ ಒಂದೇ ವೇದಿಕೆಗೆ ಕರೆದು ಚರ್ಚೆ ಇಟ್ಟಿದ್ದಾರೆ, ಊರಿಗೊಬ್ಬರು ಎದ್ದು ಒಂದು ಪ್ರಶ್ನೆ ಕೇಳಬಹುದು, ಒಬ್ಬೊಬ್ಬರಿಗೆ ಒಂದೇ ನಿಮಿಷ ಎಂದು ಸುದ್ದಿಯಾಯಿತು. ನಮ್ಮೂರಿನಿಂದ ಯಾರು ಹೋಗಬೇಕು? ಅರಳಿಕಟ್ಟೆಯಲ್ಲಿ ಹಿರಿಯರಾದ ಕೆಂಪಣ್ಣ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದರು.

“ನಮ್ ಸಿವಣ್ಣನೇ ಓಗ್ಲಿ ಬುಡ್ರಪ್ಪ. ಇಲ್ಲಿ ನಮ್ ತಲೆ ತಿನ್ನೋ ಬದ್ಲು ಅಲ್ಲೋಗಿ ಅವ್ರ ತಲೆ ತಿನ್ಲಿ.”

ಇದನ್ನು ನಾನು ಅವಿರೋಧ ಆಯ್ಕೆ ಎಂದು ಸವಿನಯವಾಗಿ ಸ್ವೀಕರಿಸಿದೆ.

ಕೇಳಬೇಕಾದ ಪ್ರಶ್ನೆ ಊರಿಗೆಲ್ಲ ಗೊತ್ತಿದ್ದದ್ದೇ. ಬೆಸಗರಹಳ್ಳಿಯಿಂದ ಇನ್ನೂ ಒಳಕ್ಕಿರುವ ನಮ್ಮೂರಿಗೆ ಮೊದಲು ಸಂಜೆ ಮದ್ದೂರಿನಿಂದ ಒಂದು ಬಸ್ಸು ಬರುತ್ತಿತ್ತು. ಅದು ನಿಂತು ವರ್ಷದ ಮೇಲಾಗಿದೆ. ನನ್ನ ಹೆಂಡತಿ ಮಂಜುಳ ಮದ್ದೂರಿನ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ಊರಿನ ಇನ್ನೂ ಏಳು ಹೆಂಗಸರು ಅವಳ ಜೊತೆ ಹೋಗುತ್ತಾರೆ. ಈಗ ಬೇರೆ ಊರಿನ ಬಸ್ಸು ಅವರನ್ನು ಕ್ರಾಸಿನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಊರಿಗೆ ಮೂರು ಕಿಲೋಮೀಟರು ನಡಿಗೆ. ದಾರಿಯ ಎರಡೂ ಕಡೆ ಆಳೆತ್ತರದ ಕಬ್ಬು. ಕಬ್ಬಿನೊಳಗೆ ಚಿರತೆ. ಸುಳ್ಳಲ್ಲ, ಡೇರಿಯ ಹಿಂದಿನ ಮನೆಯ ನಾಯಿಯನ್ನು ಹೊತ್ತುಕೊಂಡು ಹೋಗಿದೆ!

ಬೈಕಿನಲ್ಲಿ ಕರೆದುಕೊಂಡು ಬರುತ್ತೇನೆ ಎಂದರೆ ಮಂಜುಳ ಹತ್ತುವುದಿಲ್ಲ. “ನಾನೊಬ್ಳು ಗಾಡಿ ಮ್ಯಾಲೆ ಕುಂತ್ಕಂಡು ಬಂದ್ಬುಟ್ರೆ, ಮಿಕ್ಕೋರ್ನ ಚಿರ್ತೆ ತಿನ್ಲಿ ಅಂತ್ಲಾ?” ಎನ್ನುತ್ತಾಳೆ. ಹಾಗಾಗಿ ದಿನಾ ಸಂಜೆ ಅವಳ ಚಪ್ಪಲಿ ಸದ್ದು ಬಾಗಿಲಲ್ಲಿ ಕೇಳುವವರೆಗೆ ನನ್ನ ಜೀವ ನನ್ನಲ್ಲಿರುವುದಿಲ್ಲ. ಇದೊಂದು ಮಾತ್ರ ತಮಾಷೆಯಲ್ಲ.

ಚರ್ಚೆಯ ಹಿಂದಿನ ದಿನ ಮಂಜುಳ ಮುದ್ದೆ ತಿರುವುತ್ತಾ ನನಗೆ ಪಾಠ ಹೇಳಿಕೊಟ್ಟಳು.

“ಮೈಕ್ ಇಡ್ಕಳಿ. ‘ಸಂಜೆ ಬಸ್ಸು ಯಾವಾಗ ಬುಡ್ತೀರಾ?’ ಅಂತ ಕೇಳಿ. ಕುಂತ್ಕಳಿ.”

“ಅಷ್ಟೇನಾ? ಪೀಠಿಕೆ ಬ್ಯಾಡ್ವಾ?”

“ಬಸ್ ಕೇಳಾಕೆ ಪೀಠಿಕೆ ಯಾಕೆ?”

“ಲೇ, ಮಾತು ಎದೆಗೆ ತಾಕ್ಬೇಕು ಕಣೇ. ಕೇಳಿಸ್ಕಂಡೋರ ಕಣ್ಣಲ್ಲಿ ನೀರು ಬರ್ಬೇಕು.”

“ಅವ್ರ ಕಣ್ಣಲ್ಲಿ ನೀರು ಬಂದ್ರೆ ನಾವು ಮನೆಗೆ ಬಂದಂಗಾಯ್ತದಾ?”

ಭಾಷಣ ಕಲೆಯ ಸೂಕ್ಷ್ಮ ಎಲ್ಲರಿಗೂ ತಿಳಿಯುವುದಿಲ್ಲ. ನಾನು ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಡೇರಿಯಲ್ಲಿ ಹಾಲು ಅಳೆಯುತ್ತಲೇ ಅಭ್ಯಾಸ ಮಾಡಿದೆ. ‘ಚಿರತೆ’ ಎನ್ನುವ ಕಡೆ ಸರಿಯಾಗಿ ಗದ್ಗದಿತನಾಗಬೇಕು, ಅಲ್ಲೇ ಒಂದು ಹನಿ ಕಣ್ಣೀರು ಇಳಿಯಬೇಕು, ಆಮೇಲೆ ಬಸ್ಸು ಕೇಳಬೇಕು ಎಂಬುದು ನನ್ನ ಯೋಜನೆ.

“ಆ ಕತ್ತಲಲ್ಲಿ... ಆ ಕಬ್ಬಿನ ನಡುವೆ... ಆ ಚಿ... ರ... ತೆ...”

ಕೆಂಪಣ್ಣ ಕ್ಯಾನು ಕೆಳಗಿಟ್ಟು ನನ್ನ ಮುಖ ನೋಡಿದರು. “ಏನ್ಲಾ, ಗಂಟ್ಲಲ್ಲಿ ಮೀನಿನ್ ಮುಳ್ ಸಿಕ್ಕಾಕ್ಕೊಂಡದಾ?”

ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಮದ್ದೂರಿಗೆ ಹೋದೆ. ಮಂಟಪ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಮೂವರು ಅಭ್ಯರ್ಥಿಗಳು. ಹೆಸರು ಬೇಡ. ಒಬ್ಬರು ಹಾಲಿ, ಒಬ್ಬರು ಮಾಜಿ, ಇನ್ನೊಬ್ಬರು ಎಲ್ಲಿಯೋ ವ್ಯಾಪಾರ ಮಾಡಿಕೊಂಡಿದ್ದು ಚುನಾವಣೆಗೆಂದು ಇತ್ತ ಬಂದಿದ್ದ ಭಾವಿ. ನನಗಿಂತ ಮುಂಚೆ ಮಳವಳ್ಳಿ ಕಡೆಯವರೊಬ್ಬರು ಎದ್ದು ಕಾಲುವೆಯ ಹೂಳು ಯಾವಾಗ ತೆಗೆಸುತ್ತೀರಿ ಎಂದು ಕೇಳಿದರು. ಭಾವಿಯವರು ಎದೆಯ ಮೇಲೆ ಕೈಯಿಟ್ಟು ಹೇಳಿದರು:

“ಪಾಪ, ಇದು ಹಿಂದುಳಿದ ಪ್ರದೇಶ. ನಿಮಗೆ ಏನೇನೂ ಇಲ್ಲ. ನಿಮ್ಮನ್ನೆಲ್ಲ ನೋಡಿದರೆ ನನಗೆ ಅಯ್ಯೋ ಅನಿಸುತ್ತೆ.”

ಪಾಪ! ಯಾರಿಗೆ? ನಮಗೆ! ನಮ್ಮ ಕಡೆಯವರನ್ನು ಬೈಯಿರಿ, ತಿರುಗಿ ಬೈದು ಸುಮ್ಮನಾಗುತ್ತೇವೆ. ಜಗಳ ಮಾಡಿ, ಸಂಜೆ ಒಟ್ಟಿಗೆ ಟೀ ಕುಡಿಯುತ್ತೇವೆ. ಆದರೆ ಅಯ್ಯೋ ಪಾಪ ಎನ್ನುವುದೇ? ಅದೂ ಮೈಕಿನಲ್ಲಿ? ನನ್ನ ಕಿವಿ ಬಿಸಿಯಾಯಿತು. ಸರಿಯಾಗಿ ಅದೇ ಹೊತ್ತಿಗೆ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಹುಡುಗಿ “ಮುಂದಿನ ಪ್ರಶ್ನೆ ಶಿವಣ್ಣನವರದು” ಎಂದು ಮೈಕನ್ನು ನನ್ನ ಕೈಗೆ ಕೊಟ್ಟಳು. ಕೊಡಬಾರದಿತ್ತು.

“ಸ್ವಾಮಿ, ಪಾಪ ಅಂದ್ರಲ್ಲ, ಯಾರು ಪಾಪ? ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿ ದೂರದೂರೆಲ್ಲ ಬೆಳಕಾದಾಗ ನಿಮ್ ತಾತ ಸೀಮೆಎಣ್ಣೆ ಬುಡ್ಡಿ ಒರೆಸ್ತಾ ಕುಂತಿದ್ರು! ಕಾವೇರಿ ತಾಯಿ ನಮ್ ಗದ್ದೆ ಮುಟ್ಟಿ ಮುಂದಕ್ಕೆ ಓಯ್ತಾಳೆ. ಮುತ್ತತ್ತಿ ಆಂಜನೇಯ ನಮ್ಮನ್ನ ಕಾಯ್ತಾನೆ. ನಮ್ ಡೇರಿ ಹಾಲಲ್ಲಿ ಬೆರಳು ಅದ್ದಿದ್ರೆ ಬೆರಳೇ ಕಾಣಕ್ಕಿಲ್ಲ. ನಮಗೇನು ಕಮ್ಮಿ?”

ಮಂಟಪದ ಹಿಂದಿನಿಂದ ಒಂದು ಶಿಳ್ಳೆ ಬಂತು. ಮಳವಳ್ಳಿಯವರು ಹೂಳನ್ನು ಮರೆತು ಎದ್ದು ನಿಂತು ಚಪ್ಪಾಳೆ ಹೊಡೆದರು. ಚಪ್ಪಾಳೆ ಕೇಳಿದ ಮೇಲೆ ನಿಲ್ಲಿಸಿ ನನಗೆ ಅಭ್ಯಾಸವಿಲ್ಲ.

“ನಮ್ಮಪ್ಪ ಆಲೆಮನೇಲಿ ಕೊಪ್ಪರಿಗೆ ಮುಂದೆ ಬೆವರು ಸುರ್ಸಿ ಬೆಲ್ಲ ಮಾಡೋನು. ಮೊದಲ್ನೇ ಅಚ್ಚು ಮನೆಗಲ್ಲ, ದಾರೀಲಿ ಓಗೋರಿಗೆ ಕರ್ದು ಕೊಡೋನು. ನಾವು ಕೊಟ್ಟು ಗೊತ್ತಿರೋ ಜನ. ಕೈಯೊಡ್ಡಿ ಕೇಳಿ ಗೊತ್ತಿಲ್ಲ! ನಮಗೇನು ಕಮ್ಮಿ?”

ಅಷ್ಟರಲ್ಲಿ ಕಣ್ಣೀರು ಬಂದೇಬಿಟ್ಟಿತು. ಚಿರತೆಗೆಂದು ಇಟ್ಟುಕೊಂಡಿದ್ದ ಕಣ್ಣೀರು ಬೆಲ್ಲಕ್ಕೇ ಖರ್ಚಾಗಿಹೋಯಿತು! ಆದರೆ ಅದು ನಟನೆಯಾಗಿರಲಿಲ್ಲ. ಬಿಸಿ ಬೆಲ್ಲದ ವಾಸನೆ ಹೊತ್ತು ಮನೆಗೆ ಬರುತ್ತಿದ್ದ ಅಪ್ಪ ನಿಜವಾಗಿಯೂ ಕಣ್ಣೆದುರು ಬಂದಿದ್ದ. ಈ ನೆಲದಲ್ಲಿ ಹುಟ್ಟಿದ್ದಕ್ಕೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ನಿಮಿಷ ಮುಗಿದ ಗಂಟೆ ಹೊಡೆಯಿತು. ಆ ಹುಡುಗಿ ಮೆಲ್ಲಗೆ, “ಸರ್, ನಿಮ್ಮ ಪ್ರಶ್ನೆ?” ಎಂದಳು.

“ಪ್ರಶ್ನೆ ಅದೇ ಕಣಮ್ಮ!” ಎಂದು ಗುಡುಗಿದೆ. “ನಮಗೇನು ಕಮ್ಮಿ?”

ಕುಳಿತೆ. ಮಂಟಪ ಕಿತ್ತುಹೋಗುವಂತೆ ಚಪ್ಪಾಳೆ.

ಹಾಲಿಯವರು ಕಣ್ಣೊರೆಸಿಕೊಳ್ಳುತ್ತಾ ಎದ್ದರು. “ಏನೂ ಕಮ್ಮಿ ಇಲ್ಲ ಅಂತ ಮತದಾರನೇ ಏಳ್ಬುಟ್ಟ ಮ್ಯಾಲೆ ನಾನೇನು ಏಳ್ಲಿ? ಇದು ನನ್ನ ಸೇವೆಗೆ ಸಿಕ್ಕಿದ ಸರ್ಟಿಫಿಕೇಟು!” ಮಾಜಿಯವರು ಮೈಕು ಕಿತ್ತುಕೊಂಡರು. “ಕಮ್ಮಿ ಇಲ್ದಂಗೆ ಮಾಡ್ದೋನು ನಾನು! ಸರ್ಟಿಫಿಕೇಟು ನಂದು!” ಭಾವಿಯವರು ವೇದಿಕೆಯಿಂದ ಇಳಿದು ಬಂದು ನನ್ನ ಕಾಲು ಮುಟ್ಟಿದರು. ಏರ್ಪಾಡು ಮಾಡಿದವರು ನನಗೊಂದು ಶಾಲು ಹೊದಿಸಿದರು. ಪ್ರಶ್ನೆ ಕೇಳಲು ಹೋದವನಿಗೆ ಸನ್ಮಾನ! ನಮ್ಮ ವಂಶದಲ್ಲೇ ಆಗಿರಲಿಲ್ಲ.

ಶಾಲಿನ ಸಮೇತ ಹೋಟೆಲಿಗೆ ಹೋಗಿ ಎರಡು ವಡೆ ಹೇಳಿದೆ. ಮೊದಲನೆಯದನ್ನು ಮುರಿದು ಬಾಯಿಗಿಟ್ಟುಕೊಂಡಾಗ ಮಂಜುಳಳ ಫೋನು ಬಂತು.

“ಕೇಳಿದ್ರಾ?”

“ಕೇಳ್ದೆ! ಜನ ಎದ್ದು ನಿಂತ್ಬುಟ್ರು ಕಣೇ!”

“ಅವ್ರೇನಂದ್ರು?”

“ಏನೂ ಕಮ್ಮಿ ಇಲ್ಲ ಅಂದ್ರು!”

“ಅದ್ಸರಿ, ಬಸ್ಸು ಯಾವಾಗ್ನಿಂದ ಬತ್ತದಂತೆ?”

ವಡೆ ಗಂಟಲಲ್ಲೇ ನಿಂತಿತು. ಕೆಂಪಣ್ಣ ಹೇಳಿದ ಮೀನಿನ ಮುಳ್ಳು ಈಗ ನಿಜವಾಗಿ ಸಿಕ್ಕಿಕೊಂಡಿತ್ತು.

ಪಂಚೆ ಎತ್ತಿ ಕಟ್ಟಿ ಮಂಟಪಕ್ಕೆ ಓಡಿದೆ. ಹಾಲಿಯವರ ಕಾರು ಹೊರಡುತ್ತಿತ್ತು. ಗಾಜು ಬಡಿದೆ. ಗಾಜು ಇಳಿಯಿತು. “ಬಸ್ಸು...” ಎಂದೆ, ಏದುಸಿರು ಬಿಡುತ್ತಾ. “ಬಸ್ಸಲ್ ಬಂದಿದ್ರಾ? ಇದಪ್ಪ ಸರಳತೆ ಅಂದ್ರೆ!” ಎಂದು ಅವರು ನನ್ನ ಕುತ್ತಿಗೆಗೆ ಕೈ ಹಾಕಿ ಒಂದು ಸೆಲ್ಫಿ ತೆಗೆದುಕೊಂಡರು. ಗಾಜು ಏರಿತು. ಕಾರು ಹೋಯಿತು.

ಸಂಜೆ ಊರಿನ ಹೆಂಗಸರು ಬರುವ ಬಸ್ಸಿನಲ್ಲೇ ನಾನೂ ಬಂದು ಕ್ರಾಸಿನಲ್ಲಿ ಇಳಿದೆ. ನನ್ನ ಭಾಷಣ ಆಗಲೇ ಎಲ್ಲರ ಮೊಬೈಲಿಗೂ ಬಂದಿತ್ತು. ಪಕ್ಕದ ಮನೆಯ ಸವಿತಾ ಕೇಳಿದಳು. “ಅಣ್ಣಯ್ಯ, ಶಾಲು ಚೆನ್ನಾಗದೆ. ಕತ್ಲಲ್ಲಿ ಬೆಳಕು ಬುಡ್ತದಾ?”

ಮಂಜುಳ ಮೊಬೈಲ್ ಟಾರ್ಚು ಹಚ್ಚಿ ಮುಂದೆ ಹೊರಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಬೆಳಕಿನಲ್ಲಿ ನಡೆದೆವು. ಅರ್ಧ ದಾರಿಯಲ್ಲಿ ಕಬ್ಬು ಸರಸರ ಎಂದಿತು. ನಾನು ಚೀರಿದೆ. ಹೆಂಗಸರು ಚೀರಲಿಲ್ಲ. ಅವರಿಗೆ ಅಭ್ಯಾಸವಾಗಿತ್ತು! ನನ್ನನ್ನು ನಡುವೆ ಬಿಟ್ಟುಕೊಂಡು, ಸುತ್ತ ನಿಂತು, ಜೋರಾಗಿ ಮಾತಾಡುತ್ತಾ ಮುಂದೆ ನಡೆದರು. ಕಾವೇರಿ, ಕರೆಂಟು, ಬೆಲ್ಲ, ಆಂಜನೇಯ ಎಲ್ಲವೂ ಇದ್ದ ನಾನು ಶಾಲು ತಲೆಯ ಮೇಲೆಳೆದುಕೊಂಡು ಎಂಟು ಹೆಂಗಸರ ಕಾವಲಿನಲ್ಲಿ ಮನೆ ಸೇರಿದೆ. ಇವಳು ದಿನಾ ಹೀಗೆ ಬರುತ್ತಾಳೆ, ಬಂದು ಮುದ್ದೆಯನ್ನೂ ಮಾಡುತ್ತಾಳೆ ಎಂದು ನೆನೆದು ನನಗೆ ಬಹಳ ನಾಚಿಕೆಯಾಯಿತು.

ಮುಂದಿನದು ಇನ್ನೂ ಚೆಂದ. ಹಾಲಿಯವರ ಪ್ರಚಾರದ ಆಟೋ ನನ್ನ ಗದ್ಗದಿತ ಧ್ವನಿಯನ್ನು ಹಾಕಿಕೊಂಡು ಊರೂರು ತಿರುಗತೊಡಗಿತು. “ನಮಗೇನು ಕಮ್ಮಿ?” ಎರಡು ದಿನ ಬಿಟ್ಟು ಮಾಜಿಯವರ ಆಟೋದಲ್ಲೂ ಅದೇ ಧ್ವನಿ! ಒಂದೇ ಉಸಿರಿನಲ್ಲಿ ಇಬ್ಬರಿಗೂ ಮತ ಕೇಳಿದ ಏಕೈಕ ಡೇರಿ ಕಾರ್ಯದರ್ಶಿ ಎಂಬ ಕೀರ್ತಿ ನನ್ನದಾಯಿತು. ಬೆಳಿಗ್ಗೆ ಹಾಲು ಪರೀಕ್ಷೆ ಮಾಡಿ “ಕೆಂಪಣ್ಣ, ಫ್ಯಾಟ್ ಕಮ್ಮಿ ಬಂದದೆ” ಎಂದರೆ, “ನಮಗೇನ್ಲಾ ಕಮ್ಮಿ? ಜಾಸ್ತಿ ಬರ್ಕೋ!” ಎನ್ನುತ್ತಿದ್ದರು.

ತಪ್ಪಿಗೆ ದಂಡವೆಂದು ನಾನು ದಿನಾ ಸಂಜೆ ಒಂದು ದೊಣ್ಣೆ, ಒಂದು ಬ್ಯಾಟರಿ ಹಿಡಿದು ಕ್ರಾಸಿಗೆ ನಡೆದುಹೋಗಿ ಹೆಂಗಸರಿಗಾಗಿ ಕಾಯತೊಡಗಿದೆ. ಒಂದು ಸಂಜೆ ಅವರು ಇಳಿಯುವುದಕ್ಕೂ ಹಾಲಿಯವರ ಆಟೋ ಬರುವುದಕ್ಕೂ ಸರಿಹೋಯಿತು. ನನ್ನ ಧ್ವನಿ ಕಬ್ಬಿನ ಮೇಲೆಲ್ಲ ಮೊಳಗಿತು.

“ನಮಗೇನು ಕಮ್ಮಿ?”

ಮಂಜುಳ ಊಟದ ಬ್ಯಾಗು ಹೆಗಲಿಗೇರಿಸಿ ರಸ್ತೆಯ ನಡುವೆ ಹೋಗಿ ನಿಂತಳು. ಆಟೋ ನಿಂತಿತು.

“ಬಸ್ಸು!” ಎಂದಳು.

ಮೈಕಿನಲ್ಲಿ ನಾನು ಮತ್ತೆ ಕೇಳಿದೆ. “ನಮಗೇನು ಕಮ್ಮಿ?”

“ಬಸ್ಸು!” ಈಗ ಎಂಟೂ ಜನ. ಡ್ರೈವರು ಗಾಬರಿಯಾಗಿ ಮೈಕು ಆರಿಸಿದ. “ಯಾಕಪ್ಪ ನಿಲ್ಲಿಸ್ದೆ? ಆಕು ಇನ್ನೊಂದ್ ಸಲ!” ಎಂದು ಸವಿತಾ ಮೊಬೈಲು ಎತ್ತಿ ಹಿಡಿದಳು. ಅವನು ಹೆದರಿ ಮತ್ತೆ ಹಾಕಿದ. ನಾನು ಅಳುತ್ತಾ ಕೇಳುವುದು, ಅವರು ಗಟ್ಟಿಯಾಗಿ ಹೇಳುವುದು! ದೊಣ್ಣೆ ಹಿಡಿದು ಪಕ್ಕದಲ್ಲಿ ನಿಂತಿದ್ದ ನನಗೆ ಮೈ ಜುಮ್ಮೆಂದಿತು. ನಾಲ್ಕನೆಯ ಸಲಕ್ಕೆ ನಾನೂ “ಬಸ್ಸು!” ಎಂದು ಕೂಗಿ ನನ್ನ ಪ್ರಶ್ನೆಗೆ ನಾನೇ ಉತ್ತರ ಕೊಟ್ಟೆ.

ಆ ವಿಡಿಯೊ ಮರುದಿನ ತಾಲ್ಲೂಕು ದಾಟಿತು. ಆಮೇಲೆ ಆಟೋ ಹೋದ ಕಡೆಯೆಲ್ಲ ಅದೇ ಕಥೆ. “ನಮಗೇನು ಕಮ್ಮಿ?” ಎಂದರೆ ಒಂದೂರಿನಲ್ಲಿ “ಡಾಕ್ಟ್ರು!” ಎಂದರಂತೆ. ಇನ್ನೊಂದರಲ್ಲಿ “ಮೇಷ್ಟ್ರು!” ಮಳವಳ್ಳಿ ಕಡೆಯವರು ಮರೆಯದೆ “ಹೂಳು!” ಎಂದು ಕೂಗಿದರಂತೆ. ಹೂಳು ಅವರಿಗೆ ಕಮ್ಮಿಯಲ್ಲ, ಜಾಸ್ತಿ. ಇರಲಿ, ಅಭಿಮಾನಕ್ಕೆ ಕೂಗಿದ್ದಾರೆ! ಎರಡೂ ಆಟೋಗಳಿಂದ ನನ್ನ ಧ್ವನಿಯನ್ನು ಕಿತ್ತುಹಾಕಲಾಯಿತು. ಮೂವರು ಅಭ್ಯರ್ಥಿಗಳೂ ನಮ್ಮೂರಿಗೆ ಬಂದು ಅರಳಿಕಟ್ಟೆಯ ಮುಂದೆ ಸಂಜೆ ಬಸ್ಸಿನ ಮಾತು ಕೊಟ್ಟರು. ಯಾರು ಗೆದ್ದರು ಎಂಬುದು ಇಲ್ಲಿ ಬೇಡ. ಬಸ್ಸು ಗೆದ್ದಿತು.

ಅದು ಊರೊಳಗೆ ಬರುವ ಮೊದಲ ಸಂಜೆ ನಾನು ಬಿಡುತ್ತೇನೆಯೇ? ಬಾಳೆಕಂದು ಕಟ್ಟಿಸಿದೆ. ಶಾಲು ಹೊದ್ದೆ. ಮೈಕು ತರಿಸಿದೆ. ಬಸ್ಸು ಅರಳಿಕಟ್ಟೆಯ ಮುಂದೆ ಬಂದು ನಿಂತಿತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ನಗುತ್ತಾ ಇಳಿದರು. ನಾನು ಗಂಟಲು ಸರಿಮಾಡಿಕೊಂಡೆ.

“ಕಾವೇರಿ ತಾಯಿಯ ಮಡಿಲಲ್ಲಿ, ಶಿವನಸಮುದ್ರದ ಬೆಳಕಿನಲ್ಲಿ, ಮುತ್ತತ್ತಿ ಆಂಜನೇಯನ...”

ಡ್ರೈವರು ಮರ್ಯಾದೆಗೆ ಎಂಜಿನ್ ಆರಿಸಲು ಹೋದರು. ಮಂಜುಳ ಕೊನೆಯವಳಾಗಿ ಇಳಿದು ನನ್ನನ್ನೊಮ್ಮೆ ನೋಡಿದಳು. ಬಸ್ಸಿನ ಮೈಗೆ ಎರಡು ಸಲ ಬಡಿದಳು.

“ರೈಟ್, ರೈಟ್!”

ಬಸ್ಸು ಹೊರಟಿತು. ಕೆಂಪಣ್ಣ ಟವೆಲು ಕೊಡವಿ ಎದ್ದರು. ಧೂಳು ಇಳಿದಾಗ ಮೈಕಿನ ಮುಂದೆ ನಾನು, ನನ್ನ ಶಾಲು, ಒಂದು ಕರು ಮಾತ್ರ ಇದ್ದೆವು. ಕರು ಬಾಳೆಕಂದು ತಿನ್ನುತ್ತಿತ್ತು.

“ಬನ್ನಿ, ಬೆಳಕಿದ್ದಂಗೇ ಮನೆಗೆ ಬಂದಿವ್ನಿ. ಬಿಸಿ ಮುದ್ದೆ ಮಾಡ್ತೀನಿ,” ಎಂದು ಮನೆಯ ದಾರಿಯಿಂದ ಮಂಜುಳ ಕೂಗಿದಳು.

ಸ್ವಾಗತ ಭಾಷಣ ಹೋದರೆ ಹೋಗಲಿ, ವಂದನಾರ್ಪಣೆಯನ್ನಾದರೂ ಮಾಡೋಣವೆಂದು ಮುದ್ದೆಯ ಮುಂದೆ ಕುಳಿತು, “ಈ ಶುಭ ಸಂದರ್ಭದಲ್ಲಿ, ಮಂಜುಳ...” ಎಂದು ಆರಂಭಿಸಿದೆ. ಅಭ್ಯರ್ಥಿಗಳ ಮುಂದೆ ಒಂದು ನಿಮಿಷವಾದರೂ ಕೊಟ್ಟಿದ್ದರು.

“ಸುಮ್ಕೆ ಉಣ್ಣಿ,” ಎಂದಳು. “ಆರೋಯ್ತದೆ.”